ಭಾಗಿಗೆ ಸನ್ಮಾನ

ಭಾಗಿ ದೊಡ್ಡವ್ವನ ಕಾಲ ಮೇಲೆ ಮಲಗಿ ನೀರು ಹೊಯ್ಸಿಕೊಳ್ಳದ ಕನ್ನಡದ ಕೂಸು ಸಿಂಗಾಪುರದ ಸೆಂಗ್‌ಕಾಂಗಿನಲ್ಲಿ ಕಡಿಮೆ. ಜುರಾಂಗ್ ವೆಸ್ಟಿನಲ್ಲೂ ಕಡಿಮೆ. ಟೋವಾ ಪಾಯೋದಲ್ಲಿ ಹುಡುಕಿದರೆ ಒಂದೋ ಎರಡೋ ಸಿಕ್ಕೀತು.

ಬಚ್ಚಲ ನೆಲದ ಮೇಲೆ ಎರಡೂ ಕಾಲು ನೀಡಿ ಕೂರಬೇಕು. ಕಾಲ ಮೇಲೆ ಕೂಸನ್ನು ಅಂಗಾತ, ಆಮೇಲೆ ಬೋರಲು ಮಲಗಿಸಬೇಕು. ಎಣ್ಣೆ ತಿಕ್ಕಬೇಕು, ಮೂಗು ತೀಡಬೇಕು, ನೆತ್ತಿ ತಟ್ಟಬೇಕು, ಬಿಸಿನೀರು ಹೊಯ್ಯಬೇಕು. ಕೂಸಿನದು ಮುಗಿದರೆ ತಾಯಿಯ ಸರದಿ. ಬೆನ್ನು ನೀವಿ, ಸೊಂಟ ತಿಕ್ಕಿ, ಹೊಟ್ಟೆ ಕಟ್ಟಿ, ಓಮ ಬೆಳ್ಳುಳ್ಳಿ ಸಿಪ್ಪೆಯ ಹೊಗೆ ಹಾಕಬೇಕು. ಇಲ್ಲಿನ ಕಾಂಡೋ ಫ್ಲ್ಯಾಟಿನ ಬಾತ್‌ರೂಮಿನಲ್ಲಿ ಕಾಲು ಪೂರ್ತಿ ಚಾಚಿದರೆ ಪಾದ ಕಮೋಡಿಗೆ ತಾಗುತ್ತದೆ. ಹಾಗೇ ಕೂತು ಕೂತು ದೊಡ್ಡವ್ವನ ಮಂಡಿ ಹೋಯಿತು. ಒಂದು ಸಲ ಹೊಗೆಗೆ ಅಲಾರಂ ಕೂಗಿ ಸೆಕ್ಯೂರಿಟಿಯವನು ಓಡಿ ಬಂದ. ಮನೆಯವರು ಎಲ್ಲರೂ ಒಟ್ಟಿಗೆ ಭಾಗಿಯ ಕಡೆ ಬೆರಳು ತೋರಿಸಿದರು.

ನಾವು ಸಿದ್ದಿಗಳು. ಯಲ್ಲಾಪುರದ ಕಡೆಯವರು. ಯಾವ ಕಾಲದಲ್ಲೋ ಆಫ್ರಿಕಾದಿಂದ ಹಡಗಿನಲ್ಲಿ ತಂದು ಮಾರಿದ ಜನರ ಮಕ್ಕಳ ಮಕ್ಕಳು. ಗುಂಗುರು ಕೂದಲು, ಕಪ್ಪು ಮೈ, ಬಾಯಲ್ಲಿ ಕನ್ನಡ. ಈ ಮೂರನ್ನೂ ಒಟ್ಟಿಗೆ ನೋಡಿದರೆ ನಮ್ಮ ಕನ್ನಡದವರಿಗೇ ನಂಬಿಕೆ ಬರುವುದಿಲ್ಲ. ಎಂಆರ್‌ಟಿ ರೈಲಿನಲ್ಲಿ ಎದುರು ಕೂತು ನನ್ನ ತುಟಿಯ ಬಗ್ಗೆ, ಕೂದಲಿನ ಬಗ್ಗೆ ಕನ್ನಡದಲ್ಲೇ ಮಾತಾಡಿಕೊಳ್ಳುತ್ತಾರೆ. ಒಮ್ಮೆ ಹಾಗೆ ಮಾತಾಡಿದ ಹೆಂಗಸು ಇಳಿಯುವಾಗ ಚೀಲ ಮರೆತಳು. "ನಿಮ್ಮ ಬ್ಯಾಗು ಬಿಟ್ರಿ ನೋಡಿ" ಅಂದೆ. ದೆವ್ವ ಮಾತಾಡಿತೇನೋ ಅನ್ನುವಂತೆ ನೋಡಿದಳು. ಬ್ಯಾಗು ಎತ್ತಿಕೊಂಡು, ಥ್ಯಾಂಕ್ಯೂ ಅಂತ ಇಂಗ್ಲಿಷಿನಲ್ಲಿ ಅಂದಳು.

ಭಾಗಿ ನನ್ನ ಅವ್ವನ ಅಕ್ಕ. ಪೂರಾ ಹೆಸರು ಭಾಗೀರಥಿ ಸಿದ್ದಿ. ಸೆಂಗ್‌ಕಾಂಗಿನ ಅನಂತರಾಮ್ ಅವರ ಮನೆಗೆಲಸಕ್ಕೆ ಅವಳು ಬಂದಾಗ ಅವರ ಮಗಳು ನವ್ಯಾ ಇನ್ನೂ ತಾಯಿಯ ಹೊಟ್ಟೆಯಲ್ಲಿದ್ದಳು. ಈಗ ನವ್ಯಾ ಕಾಲೇಜು ಮುಗಿಸುತ್ತಿದ್ದಾಳೆ. ಅನಂತರಾಮ್ ಅವರ ಹೆಂಡತಿ ಶೋಭಾ ಮೇಡಂ. ಮೇಡಂಗೆ ಗೆಳತಿಯರು ಬಹಳ. ಯಾರೇ ಬಸುರಿಯಾಗಲಿ, "ಭಾಗಿನ ಕಳಿಸ್ತೀನಿ ಬಿಡು" ಅನ್ನುತ್ತಿದ್ದರು. ಇಡ್ಲಿ ಪಾತ್ರೆ ಕೊಟ್ಟು ಇಸಕೊಂಡ ಹಾಗೆ ದೊಡ್ಡವ್ವನನ್ನು ಮನೆಯಿಂದ ಮನೆಗೆ ಕೊಟ್ಟರು. ಬೆಳಿಗ್ಗೆ ಆ ಮನೆಯ ಬಾಣಂತನ, ಓಡಿ ಬಂದು ಈ ಮನೆಯ ಅಡುಗೆ, ಮತ್ತೆ ಸಂಜೆಗೆ ಇನ್ನೊಂದು ಮನೆ. ಭಾನುವಾರ ಹೆಚ್ಚು ಮನೆ.

ಯಾವ ಮನೆಯಲ್ಲೂ ಮೊದಲು ಅಜ್ಜಿಯರು ಬಿಡುತ್ತಿರಲಿಲ್ಲ. ಅವಳ ಕೈ ತಾಗಿದರೆ ಕೂಸು ಕಪ್ಪಾಗುತ್ತದೆ ಅನ್ನುತ್ತಿದ್ದರು. ಅಂಗೈಗೆ ಅರಿಶಿನ ಹಚ್ಚಿಕೋ ಅಂದವರಿದ್ದಾರೆ. ರಬ್ಬರಿನ ಗ್ಲೌಸ್ ಕೊಟ್ಟವರಿದ್ದಾರೆ. ದೊಡ್ಡವ್ವ ಅದನ್ನೂ ಹಾಕಿಕೊಂಡಳು. ಗ್ಲೌಸಿನ ಕೈಗೆ ಎಣ್ಣೆಯ ಕೂಸು ನಿಲ್ಲುವುದಿಲ್ಲ. ಜುರಾಂಗ್ ವೆಸ್ಟಿನ ಒಂದು ಮನೆಯಲ್ಲಿ ಏಳುವಾಗ ಕೂಸು ಜಾರಿತು. ಅದನ್ನು ಎದೆಗೆ ಒತ್ತಿಕೊಂಡು ಇವಳು ಟೈಲ್ಸಿನ ಮೇಲೆ ಬಿದ್ದಳು. ಕೂಸಿಗೆ ಏನೂ ಆಗಲಿಲ್ಲ. ಇವಳ ಎಡಗೈ ಮಣಿಕಟ್ಟು ಮುರಿಯಿತು. ಆಸ್ಪತ್ರೆಗೆ ಯಾರೂ ಒಯ್ಯಲಿಲ್ಲ. ಉಳುಕಿದೆ ಅಷ್ಟೇ ಅಂತ ಮುಲಾಮು ಹಚ್ಚಿ ಬಟ್ಟೆ ಸುತ್ತಿದರು. ಮೂಳೆ ಸೊಟ್ಟಗೆ ಕೂಡಿತು. ಇವತ್ತಿಗೂ ಆ ಕೈಯಲ್ಲಿ ಚೊಂಬು ಎತ್ತಲಾರಳು. ಯಾಕೆ ಆಸ್ಪತ್ರೆಗೆ ಒಯ್ಯಲಿಲ್ಲ ಅಂತ ಅವಳೂ ಕೇಳಲಿಲ್ಲ.

ಈ ದೇಶದಲ್ಲಿ ಮನೆಗೆಲಸದವಳಿಗೆ ಅರವತ್ತಾದರೆ ಪರ್ಮಿಟ್ ಮುಂದುವರಿಸುವುದಿಲ್ಲ. ಅವಳು ನೀರು ಹೊಯ್ದ ಮಕ್ಕಳಿಗೆ ಇಲ್ಲೇ ನೆಲೆಸುವ ಪಿಆರ್ ಸಿಕ್ಕಿತು. ಅವಳಿಗೆ ವಾಪಸು ಟಿಕೆಟ್ ಸಿಕ್ಕಿತು. ಎರಡು ಸಾವಿರದ ಹದಿನೇಳರ ನವೆಂಬರ್ ಕೊನೆಗೆ ಅವಳು ಊರಿಗೆ ಹೋಗುವುದು, ಅವಳ ಜಾಗಕ್ಕೆ ನಾನು, ಸರೋಜಾ, ಬರುವುದು ಅಂತ ತೀರ್ಮಾನವಾಯಿತು. ನಾನು ಬೇರೆ ಮನೆಯಲ್ಲಿ ದುಡಿಯುತ್ತಿದ್ದೆ. ಮೇಡಂ ನನ್ನ ಪರ್ಮಿಟ್ಟನ್ನು ತಮ್ಮ ಮನೆಗೆ ಬದಲಾಯಿಸಿಕೊಂಡರು. ಕೆಲಸ ಕಲಿಯಲಿ ಅಂತ ದೊಡ್ಡವ್ವ ಹೋಗುವ ಮುಂಚೆಯೇ ಕರೆಸಿದರು.

ನಾನು ಬಂದ ವಾರವೇ ಮೇಡಂ ಅಡುಗೆಮನೆಗೆ ಬಂದು ಸುದ್ದಿ ಹೇಳಿದರು.

"ಭಾಗಿ, ಗುಡ್ ನ್ಯೂಸ್. ರಾಜ್ಯೋತ್ಸವದಲ್ಲಿ ನಿಂಗೆ ಸನ್ಮಾನ ಮಾಡ್ತಾ ಇದೀವಿ. ಇವರು ಈ ವರ್ಷ ಕನ್ನಡ ಸಂಘದ ಪ್ರೆಸಿಡೆಂಟ್ ಅಲ್ವಾ, ಇವರೇ ಡಿಸೈಡ್ ಮಾಡಿದ್ದು. ಟೋವಾ ಪಾಯೋದಲ್ಲಿ ದೊಡ್ಡ ಹಾಲ್ ಬುಕ್ ಆಗಿದೆ."

ದೊಡ್ಡವ್ವ ಚಪಾತಿ ಲಟ್ಟಿಸುತ್ತಿದ್ದಳು. ಲಟ್ಟಣಿಗೆ ನಿಲ್ಲಿಸಿದಳು.

"ಜನ ಬತ್ರಾ ಶೋಭಮ್ಮ?"

"ಎಲ್ಲಾರೂ ಬರ್ತಾರೆ. ನೀನು ಬಾಣಂತನ ಮಾಡಿದ ಮನೆಯವರೆಲ್ಲ ಬರ್ತಾರೆ."

"ನಂಗೆ ಎರಡು ಮಾತು ಆಡೂಕೆ ಕೊಡ್ತ್ರಾ?"

ಮೇಡಂ ನಕ್ಕರು. "ಓ, ಸ್ಪೀಚ್ ಬೇರೆ ಮಾಡ್ತೀಯಾ? ಖಂಡಿತ ಕೊಡ್ತೀವಿ. ನಿಂದೇ ಡೇ ಅದು."

ಅವತ್ತಿನಿಂದ ದೊಡ್ಡವ್ವನ ಮುಖ ಬದಲಾಯಿತು. ಬಟ್ಟೆ ಒಣಹಾಕುವ ಕೋಲು ಕಿಟಕಿಯಿಂದ ಹೊರಗೆ ಚಾಚುತ್ತ ಏನೋ ಗೊಣಗುವಳು. ಎಂತ ದೊಡ್ಡವ್ವ ಅಂದೆ.

"ಕೇಳು. ಹಿಂಗೆ ಹೇಳ್ತೆ. ನನ್ನ ಹೆಸ್ರು ಭಾಗೀರಥಿ ಸಿದ್ದಿ. ನಾ ನಿಮ್ಮ ಮಕ್ಕಳಿಗೆ ನೀರು ಹೊಯ್ದೆ. ನಂಗೆ ಎಂತದೂ ಬ್ಯಾಡ. ನನ್ನ ಸರೋಜಾನ್ನ ಮನೆ ಮನೆಗೆ ಕಳಿಸಬ್ಯಾಡಿ. ಒಂದು ಮನೆ ಕೆಲ್ಸ ಮಾಡ್ಲಿ, ಭಾನುವಾರ ಮಲಗ್ಲಿ. ಅಧ್ಯಕ್ಷರು ಎಲ್ಲರೆದುರು ಹೂಂ ಅನ್ನಬೇಕು."

"ಮನೇಲ್ಲೇ ಕೇಳಬಹುದಲಾ."

"ಮನೇಲಿ ಹೂಂ ಅಂದದ್ದು ಯಾರಿಗೆ ಕೇಳ್ತದೆ? ನಮ್ಮ ಕೇರೀಲಿ ಬುಡವಂತ ನಾಕು ಜನರ ಎದುರು ಹೂಂ ಅಂದ ಮೇಲೆ ಮುಗೀತು. ಮತ್ತೆ ತಪ್ಪೂಕಿಲ್ಲ. ತಪ್ಪಿದ್ರೆ ಅವನ ಮನೆ ನೀರು ಯಾರೂ ಕುಡಿಯೂದಿಲ್ಲ. ಇವ್ರೂ ಇಲ್ಲಿ ಬುಡವಂತರೇ ಸೈ. ಸಂಘದ ಅಧ್ಯಕ್ಷರು ಅಂದ್ರೆ ಮತ್ತೆಂತ?"

ನಮ್ಮ ಕೇರಿಯ ಹಿರಿಯನನ್ನು ಬುಡವಂತ ಅನ್ನುತ್ತೇವೆ. ಅವನ ಮಾತಿಗೆ ಸಹಿಯಿಲ್ಲ, ಮೊಹರಿಲ್ಲ. ಊರು ಕೇಳಿಸಿಕೊಂಡಿದೆ ಅನ್ನುವುದೇ ಮೊಹರು. ಸಿಂಗಾಪುರದ ಅಧ್ಯಕ್ಷರ ಹೂಂಗೂ ಅದೇ ಬೆಲೆ ಅಂತ ದೊಡ್ಡವ್ವ ನಂಬಿದಳು. ನನಗೆ ನಂಬಿಕೆ ಇರಲಿಲ್ಲ. ಆದರೆ ಅವಳ ಸೊಟ್ಟ ಮಣಿಕಟ್ಟು ನೋಡಿದಾಗ ಆ ಹೂಂ ನನಗೂ ಬೇಕು ಅನ್ನಿಸಿತು. ಅವಳ ಹಾಗೆ ಮುರಿದು ಹೋಗಲು ನನಗೆ ಇಷ್ಟವಿರಲಿಲ್ಲ.

ಆ ತಿಂಗಳು ಸೆಂಗ್‌ಕಾಂಗಿನಲ್ಲೇ ವರ್ಷಾ ಅನ್ನುವವರ ಮನೆಯಲ್ಲಿ ಬಾಣಂತನ. ನೋಡಿ ಕಲಿಯಲು ನನ್ನನ್ನೂ ಕರೆದೊಯ್ದಿದ್ದಳು. ಕೂಸಿಗೆ ನೀರು ಹೊಯ್ಯುತ್ತ ದೊಡ್ಡವ್ವ ತನ್ನ ಭಾಷಣವನ್ನು ಕೂಸಿಗೇ ಹೇಳಿದಳು. "ಮನೆ ಮನೆಗೆ ಕಳಿಸಬ್ಯಾಡಿ, ಹೂಂ ಅನ್ನು, ಹೂಂ ಅನ್ನು ನೋಡ್ವ." ಕೂಸು ಹೂಂ ಅಂದಿತು. ಇಬ್ಬರೂ ನಕ್ಕೆವು. ಬಾಗಿಲಲ್ಲಿ ಟವೆಲ್ ಹಿಡಿದು ನಿಂತಿದ್ದ ವರ್ಷಾ ನಗಲಿಲ್ಲ.

ಆ ಸಂಜೆಯೇ ಅನಂತರಾಮ್ ಕರೆದರು. ಸೋಫಾ ತೋರಿಸಿ ಕೂತ್ಕೋ ಭಾಗಿ ಅಂದರು. ಆ ಸೋಫಾವನ್ನು ಅವಳು ಅಷ್ಟು ವರ್ಷ ಒರೆಸಿದ್ದಳು, ಕೂತಿರಲಿಲ್ಲ. ನೆಲದ ಮೇಲೆ ಕೂತಳು. ನಾನು ನಿಂತೆ.

"ನೋಡು ಭಾಗಿ, ಸ್ಟೇಜ್ ಮೇಲೆ ಬೇರೆ ಮನೆಗಳ ವಿಷ್ಯ ಎಲ್ಲಾ ತೆಗೀಬೇಡ. ಲೋಕಲ್ ಗೆಸ್ಟ್ಸ್ ಇರ್ತಾರೆ, ವಿಡಿಯೊ ಆಗುತ್ತೆ. ಯಾರಾದ್ರೂ ಕಂಪ್ಲೇಂಟ್ ಮಾಡಿದ್ರೆ ನಮಗೂ ಪ್ರಾಬ್ಲಮ್, ಆ ಮನೆಯವರಿಗೂ ಪ್ರಾಬ್ಲಮ್. ಸರೋಜಾ ಪರ್ಮಿಟ್ಟೂ ಕ್ಯಾನ್ಸಲ್ ಆಗುತ್ತೆ. ಇಲ್ಲಿ ಹೆಲ್ಪರ್ ಒಂದೇ ಮನೆಲಿ ಕೆಲಸ ಮಾಡ್ಬೇಕು ಅಂತ ರೂಲ್ ಇದೆ."

ದೊಡ್ಡವ್ವ ಅವರನ್ನೇ ನೋಡಿದಳು.

"ರೂಲು ಯಾವಾಗಿಂದ ಸರ್?"

"ಮೊದಲಿಂದನೂ ಇದೆ."

"ನಾ ಬಂದಾಗಿಂದ?"

ಅನಂತರಾಮ್ ಕನ್ನಡಕ ತೆಗೆದು ಒರೆಸಿದರು. "ಅಯ್ಯೋ, ನಿನ್ನ ನಾವು ಯಾವತ್ತಾದ್ರೂ ಹೆಲ್ಪರ್ ತರ ನೋಡಿದೀವಾ? ಫ್ಯಾಮಿಲಿ ನೀನು. ಫ್ಯಾಮಿಲಿ ಒಳಗೆ ಯಾರಾದ್ರೂ ರೂಲ್ ನೋಡ್ತಾರಾ? ಸ್ಟೇಜ್ ಮೇಲೆ ನಾನೇ ಹೇಳ್ತೀನಿ, ಪ್ರೀತಿಯಿಂದ ತಾನಾಗೇ ಬಂದು ಸೇವೆ ಮಾಡಿದಳು ಅಂತ. ನೀನು ಕೈ ಮುಗಿದು ನಮಸ್ಕಾರ ಅಂದ್ರೆ ಸಾಕು."

ದೊಡ್ಡವ್ವ ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡಳು. ಯಾಕೆ ಆಸ್ಪತ್ರೆಗೆ ಒಯ್ಯಲಿಲ್ಲ ಅನ್ನುವುದು ಅವತ್ತು ನಮಗಿಬ್ಬರಿಗೂ ತಿಳಿಯಿತು. ಎಲ್ಲಿ ಬಿದ್ದೆ ಅಂತ ಡಾಕ್ಟರು ಕೇಳುತ್ತಿದ್ದರು.

ಅಡುಗೆಮನೆಯಲ್ಲಿ ಅವಳು ಬಹಳ ಹೊತ್ತು ಏನೂ ಮಾಡದೆ ನಿಂತಳು. ಅವಳು ಏನೂ ಮಾಡದೆ ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಹಂಗಾರೆ ಸರಕಾರ ಬ್ಯಾಡ ಅಂದಿತ್ತು."

"ಹೌದು ದೊಡ್ಡವ್ವ."

"ನಂಗೆ ಯಾರೂ ಹೇಳ್ಲೇ ಇಲ್ಲ ನೋಡು."

ನನ್ನ ಮೈ ಉರಿಯಿತು. ಫೋನ್ ಎತ್ತಿ ಸರಕಾರಕ್ಕೆ ಹೇಳಿಬಿಡಲೇ ಅಂದೆ. ದೊಡ್ಡವ್ವ ನನ್ನ ಕೈಯಿಂದ ಫೋನ್ ಕಿತ್ತುಕೊಂಡಳು. ವಿಚಾರಣೆ ಅಂತ ಶುರುವಾದರೆ ನನ್ನನ್ನೂ ಊರಿಗೆ ಕಳಿಸಿಯಾರು ಅನ್ನುವುದು ಅವಳ ಭಯ. ಊರಲ್ಲಿ ನನ್ನ ಅವ್ವ ಹಾಸಿಗೆ ಹಿಡಿದಿದ್ದಾಳೆ. ನನ್ನ ದುಡಿಮೆಯಲ್ಲಿ ಅವಳ ಉಸಿರು ನಡೆಯುತ್ತಿದೆ. ನಾನೂ ಫೋನ್ ವಾಪಸು ಕೇಳಲಿಲ್ಲ. ಬಡವನ ಸಿಟ್ಟು ದವಡೆಗೆ ಮೂಲ ಅನ್ನುತ್ತಾರೆ. ಗಾದೆ ಮಾಡಿದವನು ನಮ್ಮನ್ನು ನೋಡಿಯೇ ಮಾಡಿರಬೇಕು.

"ಮೈಕು ಕೊಡದಿದ್ರೂ ಅಡ್ಡಿಲ್ಲ" ಅಂದಳು ದೊಡ್ಡವ್ವ. "ಸರಕಾರದ ಮಾತು ತೆಗೆಯೂದಿಲ್ಲ. ಕಳಿಸಬ್ಯಾಡಿ ಅಂತ ಮಾತ್ರ ಹೇಳ್ತೆ. ಒಂದು ಹೂಂ ಸಾಕು."

ಕಾರ್ಯಕ್ರಮದ ದಿನ ಅವಳು ಊರಿಂದ ತಂದ ಹಸಿರು ಸೀರೆ ಉಟ್ಟಳು. ಗುಂಗುರು ಕೂದಲಿಗೆ ಎಣ್ಣೆ ಹಚ್ಚಿ ಗಂಟು ಹಾಕಿದಳು. ಟೋವಾ ಪಾಯೋದ ಹಾಲ್ ತುಂಬಿತ್ತು. ಕೆಂಪು ಹಳದಿ ಬಾವುಟ, ರೇಷ್ಮೆ ಸೀರೆ, ಬಿಸಿಬೇಳೆಬಾತಿನ ವಾಸನೆ. ನಮ್ಮನ್ನು ವೇದಿಕೆಯ ಹಿಂದಿನ ಕೋಣೆಯಲ್ಲಿ ಕೂರಿಸಿದರು.

ಪಕ್ಕದ ಕೋಣೆಯ ಬಾಗಿಲು ತೆರೆಯಿತು. ಒಳಗೆ ಮಕ್ಕಳಿದ್ದರು. ಐದಾರು ವರ್ಷದ ಮಕ್ಕಳು. ಮುಖಕ್ಕೆ, ಕೈಗೆ, ಹೊಟ್ಟೆಗೆ ಕಪ್ಪು ಬಣ್ಣ ಬಳಿದಿದ್ದರು. ತುಟಿಗೆ ದಪ್ಪ ಕೆಂಪು. ತಲೆಗೆ ಕಪ್ಪು ಉಣ್ಣೆಯ ಟೋಪಿ. ಸೊಂಟಕ್ಕೆ ಹಸಿರು ಕಾಗದದ ಎಲೆ. ಕೈಯಲ್ಲಿ ರಟ್ಟಿನ ಈಟಿ. ಮಕ್ಕಳ ಕುಣಿತ ಕಲಿಸುವ ಉಮಾ ಅವರು ನಮ್ಮನ್ನು ನೋಡಿ ಓಡಿ ಬಂದರು.

"ಅಯ್ಯೋ, ಸರ್‌ಪ್ರೈಸ್ ಹಾಳಾಯ್ತು. ಭಾಗಿ, ನಿಂಗೋಸ್ಕರ ಸಿದ್ದಿ ಡ್ಯಾನ್ಸ್. ಎಲ್ಲಾ ನೀನು ಸ್ನಾನ ಮಾಡಿಸಿದ ಮಕ್ಕಳೇ. ಕ್ಯೂಟ್ ಅಲ್ವಾ?"

ನಮಗೂ ಕುಣಿತ ಇದೆ. ಡಮಾಮಿ ಅನ್ನುತ್ತೇವೆ. ಹೆಂಗಸರು ಸೀರೆ ಉಟ್ಟು ಕುಣಿಯುತ್ತಾರೆ. ಯಾರೂ ಎಲೆ ಸುತ್ತಿಕೊಳ್ಳುವುದಿಲ್ಲ. ಯಾರೂ ಮಸಿ ಬಳಿದುಕೊಳ್ಳುವುದಿಲ್ಲ, ನಮಗೆ ಅದರ ಅಗತ್ಯವಿಲ್ಲ. ಇವಳ ಕೈ ತಾಗಿದರೆ ಕಪ್ಪಾಗುತ್ತವೆ ಅಂತ ಗ್ಲೌಸ್ ಹಾಕಿಸಿದರಲ್ಲ, ಅವೇ ಮಕ್ಕಳು ಇವು.

"ನಾವು ಹಿಂಗೆ ಇರೂದಿಲ್ಲ ಮೇಡಂ" ಅಂದೆ. "ಇದು ನಾವಲ್ಲ. ಒರೆಸಿ ಇದನ್ನ."

"ಟೈಮ್ ಇಲ್ಲ ಸರೋಜಾ. ನಿಮ್ಮ ಕಲ್ಚರ್‌ಗೆ ರೆಸ್ಪೆಕ್ಟ್ ಕೊಡೋಕೇ ಮಾಡಿದ್ದು. ಎಷ್ಟು ವಾರ ಪ್ರಾಕ್ಟೀಸ್ ಮಾಡಿದಾರೆ ಗೊತ್ತಾ ಮಕ್ಕಳು?"

ದೊಡ್ಡವ್ವ ಮಕ್ಕಳ ಮುಖವನ್ನು ಒಂದೊಂದಾಗಿ ನೋಡಿದಳು.

ಮಕ್ಕಳು ಹೋ ಹೋ ಅಂತ ಕೂಗುತ್ತ ಕುಣಿದರು. ಹಾಲ್ ನಕ್ಕಿತು, ಶಿಳ್ಳೆ ಹೊಡೆಯಿತು. ಆಮೇಲೆ ದೊಡ್ಡವ್ವನನ್ನು ವೇದಿಕೆಗೆ ಕರೆದು ಮಕ್ಕಳ ನಡುವೆ ಕುರ್ಚಿಯಲ್ಲಿ ಕೂರಿಸಿದರು. ಪೇಟ ಇಟ್ಟರು. ಹಾರ ಹಾಕಿದರು. ಕೆನೆ ಬಣ್ಣದ ಜರಿ ಶಾಲು ಹೊದಿಸಿದರು. ಅನಂತರಾಮ್ ಮೈಕಿನಲ್ಲಿ ಸೇವೆ ಅಂದರು, ತ್ಯಾಗ ಅಂದರು, ತಾಯಿ ಅಂದರು. ತಾಯಂದಿರು ಕಣ್ಣು ಒರೆಸಿಕೊಂಡರು. ನಾನು ವೇದಿಕೆಯ ಮೆಟ್ಟಿಲ ಹತ್ತಿರ ನಿಂತಿದ್ದೆ.

ದೊಡ್ಡವ್ವ ಎದ್ದು ಮೈಕಿಗೆ ಕೈ ಚಾಚಿದಳು. ಅನಂತರಾಮ್ ಆ ಕೈಯನ್ನು ತಮ್ಮ ಕೈಯಲ್ಲಿ ಹಿಡಿದು ಜನರ ಕಡೆ ಎತ್ತಿ ತೋರಿಸಿದರು. ಮೈಕು ಉಮಾ ಅವರ ಕೈಗೆ ಹೋಯಿತು. "ಭಾಗಿ ಆಂಟಿ ತುಂಬಾ ಎಮೋಷನಲ್ ಆಗಿದಾರೆ, ಮಾತೇ ಬರ್ತಾ ಇಲ್ಲ ಅವರಿಗೆ" ಅಂದರು ಉಮಾ.

ದೊಡ್ಡವ್ವ ಕೈ ಬಿಡಿಸಿಕೊಂಡಳು. ಪೇಟ ತೆಗೆದು ಕುರ್ಚಿಯ ಮೇಲಿಟ್ಟಳು. ವೇದಿಕೆಯ ನೆಲದ ಮೇಲೆ ಎರಡೂ ಕಾಲು ನೀಡಿ ಕೂತಳು. ಎದುರಿಗಿದ್ದ ಹುಡುಗನನ್ನು ಎಳೆದು ಕಾಲ ಮೇಲೆ ಕೂರಿಸಿಕೊಂಡಳು. ಅತಿಥಿಗಳಿಗಿಟ್ಟ ನೀರಿನ ಬಾಟಲಿ ತೆಗೆದಳು. ಹೊದ್ದಿದ್ದ ಶಾಲು ಎಳೆದು ನೀರು ಸುರಿದಳು. ಅವನ ಮುಖ ಒರೆಸತೊಡಗಿದಳು.

ಮೆತ್ತಗೆ ಒರೆಸಲಿಲ್ಲ. ಗಡಿಗೆಯ ಮಸಿ ತಿಕ್ಕುವ ಹಾಗೆ ತಿಕ್ಕಿದಳು. "ಪೇಯ್ನ್ ಲಾ, ಆಂಟಿ" ಅಂತ ಹುಡುಗ ಕೊಸರಿದ. ಕೆನೆ ಶಾಲು ಕಪ್ಪಾಯಿತು. ಅವನನ್ನು ಬಿಟ್ಟು ಪಕ್ಕದ ಹುಡುಗಿಯನ್ನು ಎಳೆದಳು. ತಿಕ್ಕುವಾಗ ದೊಡ್ಡವ್ವನ ತುಟಿ ಅಲ್ಲಾಡುತ್ತಿತ್ತು. ಅವಳು ಏನು ಹೇಳುತ್ತಿದ್ದಾಳೆ ಅಂತ ನನಗೆ ಮಾತ್ರ ಗೊತ್ತಿತ್ತು. ನನ್ನ ಹೆಸ್ರು ಭಾಗೀರಥಿ ಸಿದ್ದಿ.

ಒಂದು ಕ್ಷಣ ಹಾಲ್ ಸುಮ್ಮನಾಯಿತು. ಗೊತ್ತಾಯಿತು ಇವರಿಗೆ, ನಾಚಿಕೆಯಾಯಿತು ಇವರಿಗೆ ಅಂದುಕೊಂಡೆ. ಆಗ ಯಾರೋ ಚಪ್ಪಾಳೆ ಹೊಡೆದರು. ಎಲ್ಲರೂ ಎದ್ದು ನಿಂತರು. ಫೋನುಗಳು ಮೇಲೆದ್ದವು.

"ನೋಡಿ ಫ್ರೆಂಡ್ಸ್" ಅಂದರು ಉಮಾ, ಗದ್ಗದ ದನಿಯಲ್ಲಿ. "ಅವತ್ತು ಸ್ನಾನ ಮಾಡಿಸಿದ ಕೈ ಇವತ್ತೂ ಸುಮ್ನೆ ಕೂರಲ್ಲ. ಇದಕ್ಕಿಂತ ಬೇರೆ ಮಾತು ಬೇಕಾ?"

ನಾನು ಕೂಗಿದೆ. ಪ್ರೀತಿ ಅಲ್ಲ ಅದು, ಅವಳಿಗೆ ನೋವಾಗಿದೆ, ಮೈಕು ಕೊಡಿ ಅಂತ ಕೂಗಿದೆ. ಪಕ್ಕದಲ್ಲಿದ್ದವರು ನನ್ನ ಬೆನ್ನು ಸವರಿ ಸಮಾಧಾನ ಮಾಡಿದರು.

ಅನಂತರಾಮ್ ಬಗ್ಗಿ ದೊಡ್ಡವ್ವನನ್ನು ಎಬ್ಬಿಸಲು ಹೋದರು. ಅವಳು ಏಳಲಿಲ್ಲ. ಅವರ ಮುಖವನ್ನೇ ನೋಡುತ್ತ ಏನೋ ಅಂದಳು. ಮತ್ತೆ ಅಂದಳು. ಅವರು ಕ್ಯಾಮೆರಾದ ಕಡೆ ನಗುತ್ತಲೇ ತಲೆ ಆಡಿಸಿದರು. ಹೂಂ, ಹೂಂ, ಏಳು ಅಂದದ್ದು ನನಗೂ ಕಾಣಿಸಿತು.

ದೊಡ್ಡವ್ವ ಥಟ್ಟನೆ ಎದ್ದಳು. ಒದ್ದೆ ಶಾಲನ್ನು ಕುರ್ಚಿಯ ಮೇಲೆ ಹಾಕಿ ಮೆಟ್ಟಿಲಿಳಿದು ಬಂದಳು. ನನ್ನ ತೋಳು ಗಟ್ಟಿಯಾಗಿ ಹಿಡಿದಳು.

"ಹೂಂ ಅಂದ್ರು ಸರೋಜಾ. ಎಲ್ಲರೆದುರು ಅಂದ್ರು. ಕಂಡ್ಯಲಾ?"

ಕಂಡೆ ಅಂದೆ.

ಆ ವಿಡಿಯೊ ಕನ್ನಡದವರ ಎಲ್ಲ ವಾಟ್ಸಾಪ್ ಗುಂಪುಗಳಿಗೂ ಹೋಯಿತು. ಕೆಳಗೆ ಕೈ ಮುಗಿದ ಚಿತ್ರಗಳು. ಶಾಲನ್ನು ಮೇಡಂ ಡ್ರೈಕ್ಲೀನಿಗೆ ಕೊಟ್ಟು, ಕಲೆ ಪೂರ್ತಿ ಹೋಗಲಿಲ್ಲ ಅಂತ ಬೇಜಾರು ಮಾಡಿಕೊಂಡು, ದೊಡ್ಡವ್ವನ ಸೂಟ್‌ಕೇಸಿನಲ್ಲಿಟ್ಟರು. ಅವಳು ಅದನ್ನು ತೆಗೆದು ನೆಲ ಒರೆಸುವ ಬಟ್ಟೆಗಳ ಬಕೆಟ್ಟಿಗೆ ಹಾಕಿದಳು. ಏರ್‌ಪೋರ್ಟಿನಲ್ಲಿ ಶೋಭಾ ಮೇಡಂ ಅತ್ತರು. ನವ್ಯಾ ಅತ್ತಳು. ದೊಡ್ಡವ್ವ ಅಳಲಿಲ್ಲ. ಕೆಲಸ ಮುಗಿಸಿ ಹೊರಟವಳ ಹಾಗೆ ಹೋದಳು.

ಅವಳು ಹೋದ ಮುಂದಿನ ವಾರ ಮೇಡಂ ಅಡುಗೆಮನೆಗೆ ಬಂದರು.

"ಸರೋಜಾ, ಟೋವಾ ಪಾಯೋದಲ್ಲಿ ನನ್ನ ಫ್ರೆಂಡ್ ಅಮಿತಾಗೆ ಡೆಲಿವರಿ ಆಯ್ತು. ಸ್ವಲ್ಪ ದಿನ ಹೋಗಿ ಬರ್ತೀಯಾ?"

"ನಾ ಹೋಗೂದಿಲ್ಲ ಮೇಡಂ. ಸರ್ ಹೂಂ ಅಂದಿದ್ರು."

"ಏನಕ್ಕೆ ಹೂಂ ಅಂದಿದ್ರು?"

"ಸ್ಟೇಜಿನ ಮೇಲೆ. ನನ್ನ ಎಲ್ಲೂ ಕಳಿಸೂದಿಲ್ಲ ಅಂತ."

ಮೇಡಂಗೆ ನಿಜಕ್ಕೂ ಅರ್ಥವಾಗಲಿಲ್ಲ. ಹಾಲಿಗೆ ಹೋಗಿ ಗಂಡನನ್ನು ಕೇಳಿದರು. ಅವರಿಗೆ ನೆನಪಿರಲಿಲ್ಲ. "ಆ ಗಲಾಟೇಲಿ ಏನಂದಳೋ, ಏನು ಕೇಳಿಸಿತ್ತು ನಂಗೆ" ಅಂದದ್ದು ನನಗೆ ಕೇಳಿಸಿತು. ಸುಳ್ಳು ಹೇಳುವವರ ದನಿಯಲ್ಲ ಅದು. ಅದೇ ನನಗೆ ಹೆಚ್ಚು ಸಿಟ್ಟು ತಂದಿತು. ಮೇಡಂ ವಾಪಸು ಬಂದು ಮೆತ್ತಗೆ ಹೇಳಿದರು. "ನಿನ್ನ ಪರ್ಮಿಟ್ ರಿನ್ಯೂವಲ್ ಬೇರೆ ಬರುತ್ತೆ ಸರೋಜಾ. ಭಾಗಿ ಒಂದು ದಿನಾನೂ ಇಲ್ಲ ಅಂದೋಳಲ್ಲ."

ಹೋದೆ.

ಬಚ್ಚಲು ಚಿಕ್ಕದು. ಕಾಲು ಚಾಚಿ ಕೂತೆ, ಪಾದ ಕಮೋಡಿಗೆ ತಾಗಿತು. ಅಮಿತಾ ಅವರ ತಾಯಿ ಬಾಗಿಲಲ್ಲಿ ನಿಂತು ಫೋನಿನಲ್ಲಿ ಆ ವಿಡಿಯೊ ತೋರಿಸಿದರು. "ನಿಮ್ಮ ದೊಡ್ಡಮ್ಮನೇ ಅಲ್ವಾ ಇವರು? ಎಂಥಾ ಪ್ರೀತಿ ನೋಡು. ನೀನೂ ಹಂಗೇ ನೋಡ್ಕೋಬೇಕಮ್ಮ" ಅಂದರು. ಆಮೇಲೆ ಗ್ಲೌಸ್ ಕೊಟ್ಟರು. ಬೇಡ ಅಂದೆ, ಕೂಸು ಜಾರುತ್ತದೆ ಅಂದೆ. ಅವರು ಕೈ ಹಿಂದೆ ತೆಗೆಯಲಿಲ್ಲ. ಹಾಕಿಕೊಂಡೆ. ಕೂಸನ್ನು ಕಾಲ ಮೇಲೆ ಮಲಗಿಸಿದರು.

ನೀರು ಹೊಯ್ಯುವಷ್ಟರಲ್ಲಿ ನನ್ನ ಫೋನ್ ಹೊಡೆದುಕೊಂಡಿತು. ಊರಿಂದ ದೊಡ್ಡವ್ವ. ಅವ್ವನಿಗೆ ಏನಾದರೂ ಆಯಿತೇನೋ ಅಂತ ಗಾಬರಿಯಾಗಿ, ಒಂದು ಗ್ಲೌಸ್ ಹಲ್ಲಿನಿಂದ ಎಳೆದು ತೆಗೆದು ಎತ್ತಿದೆ.

"ಅವ್ವ ಹುಷಾರಿದ್ದಾಳೆ ಮಾರಾಯ್ತಿ, ಹೆದರಬ್ಯಾಡ. ಸುಮ್ನೆ ಮಾಡ್ದೆ. ಭಾನುವಾರ ಅಲಾ, ಮಲಗಿದ್ದ್ಯೇನು?"

"ಹೌದು ದೊಡ್ಡವ್ವ. ಮಲಗಿದ್ದೆ."

"ಕೂಸು ಅಳೂದು ಕೇಳ್ತದಲೇ. ಯಾರದ್ದು?"

"ಟಿವಿ."

ಅವಳು ಸಮಾಧಾನದ ಉಸಿರು ಬಿಟ್ಟಳು. ಕೇರಿಯವರು ಯಾರೋ ಪಕ್ಕದಲ್ಲಿದ್ದರು ಅಂತ ಕಾಣುತ್ತದೆ, ಅವರಿಗೂ ಕೇಳಲಿ ಅನ್ನುವಂತೆ ಜೋರಾಗಿ ಹೇಳಿದಳು. "ನಾ ಹೇಳಿರ್ಲಿಲ್ಲನಾ? ಎಲ್ಲರೆದುರು ಹೂಂ ಅಂದವ್ರು ತಪ್ಪೂದಿಲ್ಲ."

ಹೂಂ ಅಂದೆ. ಫೋನ್ ಇಟ್ಟು ಗ್ಲೌಸ್ ಹಾಕಿಕೊಂಡೆ.